ಅರ್ಲೀನ್ ತುಂಬಿದ ಗಾಳಿ

ಓಹಾಯೋದ ನಮ್ಮ ಜೋಳದ ಸೀಮೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಿಳಿ ಪಿಕಪ್ ಟ್ರಕ್ಕಿನ ಹಿಂಭಾಗದಡಿ ಎರಡು ಬೂಟುಗಳು ಮಾತ್ರ ಕಾಣುತ್ತಿವೆ. ಬೂಟುಗಳ ಒಡತಿ ಅರ್ಲೀನ್ ಕ್ನಾಪ್ಕೆ, ತಮ್ಮ ಕೆಲಸದ ಬಗ್ಗೆ ಬರೆಯಲು ಬಂದ ನನ್ನನ್ನು ಮಲಗಿದಲ್ಲಿಂದಲೇ ಗದರುತ್ತಾರೆ: "ಟೇಪ್ ಮೇಲೆ ಕಾಲಿಡ್ಬೇಡಿ! ಫ್ಲಾಸ್ಕಲ್ಲಿ ಕಾಫಿ ಇದೆ, ಬಗ್ಗಿಸ್ಕೊಳ್ಳಿ. ನಂಗೂ ಒಂದು ಕಪ್ಪು."

ಇವತ್ತು ಕೌಂಟಿ ಮೇಳ. ಮಧ್ಯಾಹ್ನದ ಪಂದ್ಯದಲ್ಲಿ ಈ ಟ್ರಕ್ಕು ಸ್ಲೆಡ್, ಅಂದರೆ ಭಾರ ಹೇರಿದ ಕಬ್ಬಿಣದ ಜಾರುಬಂಡಿ, ಎಳೆಯಬೇಕು; ಹೆಚ್ಚು ದೂರ ಎಳೆದವರು ಗೆದ್ದಂತೆ. ಟ್ರಕ್ಕು ಮುಂದೆ ಹೋದಂತೆಲ್ಲ ಸ್ಲೆಡ್ಡಿನ ಮೇಲಿರುವ ತೂಕದ ಪೆಟ್ಟಿಗೆ ಮುಂದಕ್ಕೆ ಜರುಗಿ, ಭಾರ ಏರಿಸುತ್ತಾ, ಎಂಥ ಎಂಜಿನ್ನನ್ನೂ ಕೊನೆಗೆ ಸುಸ್ತು ಹೊಡೆಸುತ್ತದೆ. ಟ್ರಕ್ಕಿನ ಹಿಂಭಾಗ ಕುಸಿದು, ಸ್ಲೆಡ್ ಸಿಕ್ಕಿಸಿದ ಕೊಂಡಿ ಕೆಳಗಿಳಿದರೆ ಆಟ ಮುಗಿಯಿತು. ಅದಕ್ಕೇ ಇಲ್ಲಿನವರು ಹಿಂದಿನ ಸ್ಪ್ರಿಂಗುಗಳು ಅಲುಗದಂತೆ ಕಬ್ಬಿಣದ ದಿಮ್ಮಿ ಬೆಸೆದುಬಿಡುತ್ತಾರೆ. ಎಳೆಯಲು ಅದು ಚೆನ್ನ. ರಸ್ತೆಗಿಳಿದರೆ ಕೂತವರ ಸೊಂಟ ಉಳಿಯುವುದಿಲ್ಲ.

ಟ್ರಕ್ಕಿನ ಯಜಮಾನ, ಹಂದಿ ಸಾಕುವ ವೆಂಡೆಲ್‌ಗೆ ಇರುವುದು ಇದೊಂದೇ ಗಾಡಿ. ಬೆನ್ನುನೋವಿನ ತಾಯಿ ಆಗ್ನೆಸ್ ಭಾನುವಾರ ಚರ್ಚಿಗೆ, ಗುರುವಾರ ಇಸ್ಪೀಟಿಗೆ ಹೋಗುವುದು ಇದರಲ್ಲೇ. ಸ್ಲೆಡ್ಡನ್ನೂ ಎಳೆಯಬೇಕು, ಅಮ್ಮನ ಬೆನ್ನೂ ಉಳಿಯಬೇಕು ಎಂದಾಗ ಊರಿನ ಗ್ಯಾರೇಜುಗಳೆಲ್ಲ ನಕ್ಕು ಕಳಿಸಿದವು. ನಗದೆ ಒಪ್ಪಿದವರು ಅರ್ಲೀನ್.

ಟ್ರೇಲರ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕಲಿತವರು ಇವರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಶಾಲಾ ಬಸ್ಸುಗಳ ರಿಪೇರಿಗೆ ಸೇರಿದರು. ಈಗ ಹದಿನಾಲ್ಕು ಬಸ್ಸುಗಳು ಇವರ ಸುಪರ್ದಿಯಲ್ಲಿವೆ. "ಆ ಬಸ್ಸುಗಳು ಕೂತಿರೋದೇ ಗಾಳಿ ಚೀಲದ ಮೇಲೆ. ಮಕ್ಕಳನ್ನ ಹೊರೋ ಗಾಳಿ ಆಗ್ನೆಸ್‌ನ ಹೊರಲ್ವಾ?" ಎನ್ನುತ್ತಾರೆ. ಸಂಜೆಗಳಲ್ಲಿ ತಮ್ಮ ಶೆಡ್ಡಿನಲ್ಲಿ ತಗಡು ಕತ್ತರಿಸಿ, ಬೆಸೆದು, ಅಚ್ಚಿಗೂ ಚಾಸಿಗೂ ನಡುವೆ ಎರಡು ದಪ್ಪ ಚೀಲ ಕೂರಿಸಿದರು. ಗಾಳಿ ತುಂಬಿದರೆ ಬಿಗಿ, ಬಿಟ್ಟರೆ ಮೆದು.

ಆದರೆ ಹೋದ ವರ್ಷ ಎಡವಟ್ಟಾಯಿತು. ಪಂದ್ಯದ ನಿಯಮದಂತೆ ಕೊಂಡಿಯ ಎತ್ತರ ನೆಲದಿಂದ ಇಪ್ಪತ್ತಾರು ಇಂಚು ಮೀರಬಾರದು. ಅರ್ಲೀನ್ ಮುಂಜಾನೆಯ ತಂಪಿನಲ್ಲಿ ಕರಾರುವಾಕ್ಕಾಗಿ ಇಪ್ಪತ್ತಾರಕ್ಕೇ ಗಾಳಿ ತುಂಬಿದ್ದರು. ಮಧ್ಯಾಹ್ನದ ಬಿಸಿಲಿಗೆ ಚೀಲದ ಗಾಳಿ ಹಿಗ್ಗಿ ಟ್ರಕ್ಕಿನ ಬಾಲ ಮೇಲೆದ್ದಿತು. ತಪಾಸಣೆಯ ಕ್ಲೀಟಸ್ ಹಿಡಿದ ಇಪ್ಪತ್ತಾರು ಇಂಚಿನ ಅಳತೆ ಕೋಲು ಕೊಂಡಿಯಡಿ ಸಲೀಸಾಗಿ ನುಸುಳಿತು. ಅಳೆದ ಮೇಲೆ ಗಾಳಿ ಇಳಿಸುವಂತಿಲ್ಲ; ವೆಂಡೆಲ್ ಎಳೆಯದೆಯೇ ಮನೆಗೆ ಹೋದ. ಅವತ್ತಿನಿಂದ ಮೇಳದಲ್ಲಿ ಅರ್ಲೀನ್ ಹೆಸರು 'ಬಿಸಿಗಾಳಿ'.

"ಈ ಸಲವೂ ವಾಪಸ್ ಕಳಿಸಿದ್ರೆ ಚೀಲ ಕಿತ್ತು ದಿಮ್ಮಿ ಬೆಸೀತೀನಿ. ಅಮ್ಮ ಬೇರೆಯವರ ಕಾರಲ್ಲಿ ಹೋಗ್ಲಿ," ಎಂದಿದ್ದಾನೆ ವೆಂಡೆಲ್. "ಬೇರೆಯವರ ಕಾರಲ್ಲಿ ನನ್ನ ಹೆಣ ಹೋಗುತ್ತೆ," ಎಂದಿದ್ದಾರೆ ಆಗ್ನೆಸ್.

ಹಾಗಾಗಿ ಈ ಸಲ ಬೆಳಿಗ್ಗೆ ಅರ್ಧವಷ್ಟೇ ತುಂಬುತ್ತಾರೆ. ಉಳಿದದ್ದು ಮೇಳದಲ್ಲಿ, ಟ್ರಕ್ಕು ಬಿಸಿಲಲ್ಲಿ ಚೆನ್ನಾಗಿ ಕಾದ ಮೇಲೆ. ವೆಂಡೆಲ್‌ನನ್ನು ಸೀಟಿನಲ್ಲಿ ಕೂರಿಸಿ, ಚೀಲಕ್ಕೆ ಅಂಗೈಯಿಟ್ಟು, ಗುಟುಕು ಗುಟುಕಾಗಿ ಗಾಳಿ ಕೊಡುತ್ತಾರೆ. ಕ್ಲೀಟಸ್ ಕೋಲು ಹಿಡಿದು ಬರುತ್ತಾನೆ.

"ಏನಮ್ಮಾ ಬಿಸಿಗಾಳಿ, ಈ ಸಲ ಎಷ್ಟು ಮೇಲೆ ಹಾರಿಸ್ತೀಯ?"

"ಬಾಯಿ ಮುಚ್ಚಿ ಬಗ್ಗಯ್ಯ. ಬಗ್ಗೋಕಾಗುತ್ತೆ ತಾನೇ, ಆ ಹೊಟ್ಟೆ ಇಟ್ಕೊಂಡು?"

ಕೋಲು ಕೊಂಡಿಗೆ ತಗುಲಿ ನಿಲ್ಲುತ್ತದೆ. ಕ್ಲೀಟಸ್ ಮತ್ತೊಮ್ಮೆ ತೂರಿಸಿ ನೋಡುತ್ತಾನೆ. ನುಸುಳುವುದಿಲ್ಲ. ಗಾಳಿಯ ಕೊಳವೆಗೆ ಮುದ್ರೆ ಹಾಕಿ, ಟೋಪಿ ಎತ್ತಿ, ಮುಂದೆ ಹೋಗುತ್ತಾನೆ. ನನಗಂತೂ ಕುಣಿಯಬೇಕೆನಿಸುತ್ತದೆ.

ವೆಂಡೆಲ್ ಎಳೆಯುತ್ತಾನೆ. ಜನರೆಲ್ಲ ಮುಂದಿನ ಕಪ್ಪು ಹೊಗೆ ನೋಡಿ ಕೂಗುತ್ತಿದ್ದರೆ, ಅರ್ಲೀನ್ ಕಣ್ಣು ಹಿಂದಿನ ಚಕ್ರಗಳ ಮೇಲೆ. ಬಾಲ ಒಂದಿಷ್ಟು ತಗ್ಗಿ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಮೂರನೇ ಬಹುಮಾನ! ಮೈಕಿನವನು ಎಂಜಿನ್ ಕಟ್ಟಿದವನಿಗೆ, ಟೈರಿನವನಿಗೆ, ಹಂದಿ ಮೇವಿನ ಅಂಗಡಿಗೂ ಧನ್ಯವಾದ ಹೇಳುತ್ತಾನೆ. ಅರ್ಲೀನ್ ಹೆಸರಿಲ್ಲ. ನನಗೆ ಮೈ ಉರಿಯುತ್ತದೆ. ಅವರು ನೆಮ್ಮದಿಯಾಗಿ ಹಂದಿಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾರೆ. "ಕುಸಿದಿದ್ರೆ ನನ್ನ ಹೆಸರೇ ಮೊದಲು ಬರ್ತಿತ್ತು ಬಿಡಿ."

ಸಂಜೆ ಅರ್ಲೀನ್ ಚೀಲದ ಗಾಳಿ ಇಳಿಸುತ್ತಾರೆ. ಗಾಡಿ ಓಡಿಸುವವನು ವೆಂಡೆಲ್, ಪಕ್ಕದಲ್ಲಿ ಆಗ್ನೆಸ್, ಅರ್ಲೀನ್ ಮತ್ತು ನಾನು ಹಿಂದಿನ ಸೀಟಿನಲ್ಲಿ. ಮೇಳದ ಗೇಟಿನ ಬಳಿ, ನೀರಿನ ಕೊಳವೆ ಹೂತಲ್ಲಿ, ರಸ್ತೆಗೆ ಅಡ್ಡಲಾಗಿ ದೊಡ್ಡದೊಂದು ಉಬ್ಬು ಇದೆ. ಮುಂದಿನ ಗಾಡಿಗಳೆಲ್ಲ ಅಲ್ಲಿ ಎಗರಿ ಬೀಳುತ್ತಿವೆ. ಆಗ್ನೆಸ್ ಎರಡೂ ಕೈಯಲ್ಲಿ ಸೀಟು ಹಿಡಿದು ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ಬಿಡದೆಯೇ ಕೇಳುತ್ತಾರೆ: "ಇನ್ನೂ ಬರಲಿಲ್ವೇನೋ ಆ ಉಬ್ಬು?"

"ಆಗ್ಲೇ ದಾಟಾಯ್ತಲ್ಲಮ್ಮ."

ಅರ್ಲೀನ್ ನನ್ನ ತೋಳು ತಿವಿಯುತ್ತಾರೆ. "ಇದನ್ನ ಬರ್ಕೊಳ್ಳಿ. ಆ ಮೂರನೇ ಬಹುಮಾನ ಬೇಕಾದ್ರೆ ಬಿಟ್ಬಿಡಿ."