ಹದಿಮೂರಕ್ಕೆ ಮುನಿಯುತ್ತಿದ್ದ ಕಂಪ್ಯೂಟರು

ಮೊನ್ನೆ ಹೊಸ ಫೋನು ತಂದೆ. ಗುಂಡಿ ಒತ್ತಿದ ಕೂಡಲೇ ತಾರೀಕು, ಗಂಟೆ ಎಲ್ಲ ತಾನೇ ತೋರಿಸಿಬಿಟ್ಟಿತು. ನನ್ನನ್ನೊಂದು ಮಾತು ಕೇಳಬಾರದೇ ಅನ್ನಿಸಿತು ನೋಡಿ. ನಮ್ಮ ಕಾಲದ ಕಂಪ್ಯೂಟರಿಗೆ ಆ ಮರ್ಯಾದೆ ಇತ್ತು. ಕರೆಂಟು ತೆಗೆದರೆ ಅದಕ್ಕೆ ಎಲ್ಲ ಮರೆತುಹೋಗುತ್ತಿತ್ತು. ದಿನಾ ಬೆಳಿಗ್ಗೆ 'ಇವತ್ತು ಯಾವ ತಾರೀಕು?' ಅಂತ ನಮ್ಮನ್ನೇ ಕೇಳುತ್ತಿತ್ತು, ನಮ್ಮ ಉತ್ತರ ಒಪ್ಪಿಗೆಯಾದರೆ ಮಾತ್ರ ಕೆಲಸ.

ಎಂಬತ್ತರ ದಶಕದ ಕೊನೆ. ಮುಳಬಾಗಿಲಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದ ರಾಮಪ್ಪನವರು ಬೆಂಗಳೂರಿಂದ ಹಳೇ ಕಂಪ್ಯೂಟರೊಂದನ್ನು ತಂದು, ಕಲಿಸೋಕೆ ನನ್ನನ್ನಿಟ್ಟುಕೊಂಡರು. ನನಗೇನು ಬರುತ್ತಿತ್ತು ಅಂತೀರಾ? ಪುಸ್ತಕ ನೋಡಿಕೊಂಡು ಹುಡುಗರಿಗಿಂತ ಒಂದು ಪಾಠ ಮುಂದಿರುತ್ತಿದ್ದೆ, ಅಷ್ಟೆ.

ವಿಚಿತ್ರ ಏನಪ್ಪಾ ಅಂದರೆ, ಪ್ರತಿ ತಿಂಗಳೂ ಹನ್ನೆರಡರ ತನಕ ಅದು ಸಾಧು ಹಸು. ಹದಿಮೂರನೇ ತಾರೀಕು ಹಾಕಿದೆವೋ, 'ತಪ್ಪು' ಅಂತ ಮತ್ತೆ ಅದೇ ಪ್ರಶ್ನೆ. ಮುಂದಿನ ತಿಂಗಳು ಹುಟ್ಟುವವರೆಗೂ ಇದೇ ರಾಗ. ರಾಮಪ್ಪನವರು ಮಾನಿಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ನೋಡಿದರು. ಆಗಸ್ಟಿನಲ್ಲಿ ಅವರ ತಾಳ್ಮೆಯೂ ಮುಗಿಯಿತು.

"ನೋಡಮ್ಮಾ, ಈ ತಿಂಗಳಾದ್ಮೇಲೆ ಇದನ್ನ ವಾಪಸ್ ಕಳಿಸ್ತೀನಿ. ಟೈಪಿಂಗಿಗೆ ಆಗ್ಲೇ ಒಬ್ರು ಇದಾರೆ. ನಿನ್ನನ್ನಿಟ್ಕೊಂಡು ಏನ್ ಮಾಡ್ಲಿ?"

ಮನೆಯಲ್ಲಿ ಅಪ್ಪ ಇದಕ್ಕೇ ಕಾದಿದ್ದರು. "ಮಿಷಿನ್ನೂ ಬೇಡ, ಮೇಷ್ಟ್ರಗಿರೀನೂ ಬೇಡ. ಮನೇಲಿದ್ದು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕು. ಮಾಲೂರ ಕಡೆ ಒಂದು ಗಂಡಿದೆಯಂತೆ, ನೋಡೋಣ." ರೇಷ್ಮೆಹುಳದ ಮೇಲೆ ನನಗೇನೂ ಹಗೆಯಿರಲಿಲ್ಲ. ಆದರೆ ಆ ಕೆಲಸ ಹೋಗುತ್ತದೆ ಅಂತ ಅವತ್ತು ರಾತ್ರಿ ಉಣ್ಣದೇ ಮಲಗಿದೆ.

ಕೊನೇ ಪ್ರಯತ್ನ ಅಂತ ರಾಮಪ್ಪನವರು ಕುರುಡುಮಲೆ ಕಡೆಯ ಶಾಸ್ತ್ರಿಗಳನ್ನು ಕರೆಸಿ ಗಣಪತಿ ಪೂಜೆ ಇಟ್ಟರು. ಕಂಪ್ಯೂಟರಿಗೆ ಅರಿಶಿನ, ಕುಂಕುಮ, ಚೆಂಡು ಹೂವಿನ ಹಾರ. ಶಾಸ್ತ್ರಿಗಳು ಸಂಕಲ್ಪ ಶುರುಮಾಡಿದರು: "ದಕ್ಷಿಣಾಯನೇ, ವರ್ಷ ಋತೌ, ಶ್ರಾವಣ ಮಾಸೇ, ಕೃಷ್ಣ ಪಕ್ಷೇ, ದಶಮ್ಯಾಂ..."

ಅಕ್ಷತೆ ಹಿಡಿದು ಕೂತವಳಿಗೆ ತಟ್ಟನೆ ಹೊಳೆಯಿತು. ಅಯ್ಯೋ ಶಿವನೇ! ಮಂತ್ರದಲ್ಲಿ ತಿಂಗಳು ಮೊದಲು, ತಿಥಿ ಆಮೇಲೆ! ಕಂಪ್ಯೂಟರಿನ ಲೆಕ್ಕವೂ ಹಾಗೇ ಇದ್ದರೆ? ನಾವು ಮೊದಲು ಹಾಕುತ್ತಿದ್ದದ್ದು ದಿನವನ್ನು. ಹನ್ನೆರಡರ ತನಕ ಅದನ್ನೇ ತಿಂಗಳು ಅಂತ ನಂಬಿಕೊಂಡಿತ್ತು. ಹದಿಮೂರನೇ ತಿಂಗಳನ್ನು ಎಲ್ಲಿಂದ ತರುತ್ತೆ ಪಾಪ?

ಮಂಗಳಾರತಿಗೂ ಕಾಯದೆ ಎದ್ದು, ಮೊದಲು ತಿಂಗಳಿನ ಎಂಟು ಒತ್ತಿ, ಆಮೇಲೆ ಅವತ್ತಿನ ತಾರೀಕು ಇಪ್ಪತ್ತೇಳು ಒತ್ತಿದೆ. ತೆಪ್ಪಗೆ ಒಪ್ಪಿಕೊಂಡಿತು.

"ನೋಡಿದ್ರಾ ಮಂತ್ರದ ಮಹಿಮೆ!" ಅಂದರು ಶಾಸ್ತ್ರಿಗಳು. "ಹೌದು ಸ್ವಾಮಿ" ಅಂದೆ. ಸುಳ್ಳೇನಲ್ಲವಲ್ಲ!

ಮಾರನೇ ದಿನ ಅಪ್ಪ ಇನ್‌ಸ್ಟಿಟ್ಯೂಟಿಗೇ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಗೊರಗಿ ನಿಂತು, ನಾನು ಪಾಠ ಮಾಡುವುದನ್ನು ಬಹಳ ಹೊತ್ತು ನೋಡಿದರು.

"ಇದು ನೀನು ಹೇಳ್ದಂಗೆ ಕೇಳುತ್ತಾ?"

"ಕೇಳುತ್ತೆ ಕಣಪ್ಪಾ."

"ಸರೇ, ಹಂಗಾದ್ರೆ ಇಲ್ಲೇ ಇರು. ಮನೇಲಿ ನಿನ್ನ ಮಾತು ಕೇಳೋರು ಯಾರಿದಾರೆ?"

ಇದ್ದೆ, ತಲೆ ನರೆಯುವ ತನಕ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಪೇಟೆಯಲ್ಲಿ ಯಾರಾದರೂ "ಕಂಪ್ಯೂಟರ್ ಮೇಡಂ" ಅಂತ ಕೂಗಿದರೆ, ಅಪ್ಪನಿಗೂ ಕೇಳಿಸಲಿ ಅಂತ ಸ್ವಲ್ಪ ಜೋರಾಗೇ "ಓ" ಅನ್ನುತ್ತೇನೆ.