ಮೇಲೆ ತೆರೆದ ಹಂದರ

ಕಂಠೆಪ್ಪ ಕಟ್ಟಿದ ಗಂಟು ತಾನಾಗಿ ಬಿಚ್ಚಿಕೊಂಡದ್ದನ್ನು ಕಂಡವರು ವಾಸ್ಕೋದಲ್ಲಿ ಯಾರೂ ಇಲ್ಲ. ಈ ಮಾತನ್ನು ಎಲ್ಲರಿಗಿಂತ ಹೆಚ್ಚಾಗಿ ಅವನೇ ಹೇಳಿಕೊಳ್ಳುತ್ತಿದ್ದ ಎನ್ನುವುದು ಬೇರೆ. ತಾಳಿಕೋಟೆಯ ಆಚೆ ಅವನ ಊರು. ಮದುವೆಗೆ ಹಂದರ ಹಾಕುವುದು ಮನೆತನದ ಕಸುಬು. ಒಂದು ಊರಲ್ಲಿ ವರ್ಷಕ್ಕೆ ಎಷ್ಟು ಮದುವೆ ಆದಾವು? ಇಪ್ಪತ್ತೆರಡರ ಹರೆಯದಲ್ಲಿ ಹೆಂಡತಿ ಭಾಗವ್ವನನ್ನೂ ಒಂದು ರೊಟ್ಟಿ ಹಂಚನ್ನೂ ಜೊತೆಗೆ ಮಾಡಿಕೊಂಡು ಗೋವೆಗೆ ಬಂದವನು, ಇಲ್ಲಿ ಕಟ್ಟಡಗಳಿಗೆ ಬಿದಿರಿನ ಸಾರುವೆ ಕಟ್ಟುವವನಾದ. ಹಂದರದ ಕೆಳಗೆ ಜನ ಕೂಡುತ್ತಾರೆ, ಸಾರುವೆಯ ಮೇಲೆ ಜನ ನಿಲ್ಲುತ್ತಾರೆ. ಬಿದಿರಿನ ಗಳ ಅದೇ, ಹಗ್ಗ ಅದೇ. ಪರ್ವರಿಯ ಎಷ್ಟೋ ಕಟ್ಟಡಗಳು ಎದ್ದು ನಿಲ್ಲುವ ಮೊದಲು ಅಲ್ಲಿ ಕಂಠೆಪ್ಪನ ಬಿದಿರು ಎದ್ದು ನಿಂತಿತ್ತು.

ಆಳು ನೋಡಿದರೆ ನಲವತ್ತೈದು ಕಿಲೋ ಮೇಲೆ ಒಂದು ಗುಂಜಿ ಹೆಚ್ಚಿಲ್ಲ. ಬಿದಿರನ್ನು ಕಾಲಲ್ಲಿ ಕಚ್ಚಿ ಹಿಡಿದು ಹಿಡಿದು ಹೆಬ್ಬೆರಳು ಪಕ್ಕದ ಬೆರಳಿನ ಸಂಗ ಬಿಟ್ಟು ದೂರ ಸರಿದಿತ್ತು. ಅಂಗಡಿಯ ಯಾವ ಚಪ್ಪಲಿಯೂ ಆ ಪಾದಕ್ಕೆ ಕೂಡುತ್ತಿರಲಿಲ್ಲ. ಅವನಿಗೆ ಅದರ ಚಿಂತೆಯೂ ಇರಲಿಲ್ಲ, ಮೇಲೆ ಹತ್ತುವವನಿಗೆ ಚಪ್ಪಲಿ ಯಾತಕ್ಕೆ ಎನ್ನುತ್ತಿದ್ದ.

2005ರ ಜೂನ್‌ನಲ್ಲಿ ಅವನಿಗೆ ನಲವತ್ತು. ಬಂದರಿನ ಹತ್ತಿರ ಹಡಗು ರಿಪೇರಿ ಮಾಡುವ ಒಂದು ಕಟ್ಟೆಯಲ್ಲಿ ಕೆಲಸ. ನೀರು ಬಸಿದ ದೊಡ್ಡ ಗುಂಡಿಯೊಳಗೆ ಹಡಗನ್ನು ಒಣಗಲು ನಿಲ್ಲಿಸಿ, ಸುತ್ತಲೂ ಸಾರುವೆ ಕಟ್ಟಿ, ತುಕ್ಕು ಕೆರೆದು ಬಣ್ಣ ಬಳಿಯುತ್ತಾರೆ. ಆ ಸಲ ಬಂದದ್ದು ಒಂದು ಸರಕಿನ ಹಡಗು. ಅದರ ಖಲಾಸಿಗಳೆಲ್ಲ ಫಿಜಿ, ಸಮೋವಾ, ಟೋಂಗಾ ಎಂಬ ಮೂರು ದ್ವೀಪದೇಶಗಳವರು, ಭೂಮಿಯ ಆ ಮಗ್ಗುಲಿನವರು. ಒಬ್ಬೊಬ್ಬರೂ ನೂರು, ನೂರಿಪ್ಪತ್ತು ಕಿಲೋ. ಅವರು ಸಾಲಾಗಿ ನಡೆದು ಹೋದರೆ ಚಹಾದಂಗಡಿಯ ಬೆಂಚುಗಳು ನಡುಗುತ್ತವೆ ಎಂದು ಕಂಠೆಪ್ಪ ಮನೆಯಲ್ಲಿ ಹೇಳಿ ಭಾಗವ್ವನನ್ನು ನಗಿಸಿದ್ದ.

ಮಿರಗದ ಮಳೆ ಹಿಡಿದ ನಾಲ್ಕನೆಯ ದಿನ, ಇಪ್ಪತ್ತೈದು ಅಡಿ ಮೇಲೆ, ತೊಯ್ದ ಬಿದಿರಿನ ಮೇಲೆ ಅವನ ಕಾಲು ಜಾರಿತು. ಗಂಟು ಬಿಚ್ಚಲಿಲ್ಲ, ಕಾಲು ಜಾರಿತು. ಇದನ್ನು ಅವನು ಕೊನೆಯವರೆಗೂ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ. ಕೆಳಗೆ ಕಾಂಕ್ರೀಟಿನ ನೆಲ. ಅಲ್ಲಿ ತುಕ್ಕು ಕೆರೆಯುತ್ತ ನಿಂತಿದ್ದ ಟೋಂಗಾದ ತಾನಿಯೇಲಾ ಎಂಬ ಖಲಾಸಿ ಚೀರಾಟ ಕೇಳಿ ತಲೆ ಎತ್ತಿದ. ಓಡಿಹೋಗುವುದಕ್ಕೆ ಹೊತ್ತಿತ್ತು. ಅವನು ಓಡಲಿಲ್ಲ, ಎರಡೂ ತೋಳು ಚಾಚಿ ಕೆಳಗೆ ಬಂದು ನಿಂತ. ಕಂಠೆಪ್ಪ ಆ ತೋಳಿನಲ್ಲಿ ಬಿದ್ದ. ಇಬ್ಬರೂ ನೆಲಕ್ಕುರುಳಿದಾಗ ಕಂಠೆಪ್ಪನಿಗೆ ಮೊಣಕೈ ತರಚಿತ್ತು, ತಾನಿಯೇಲಾನ ಹೆಗಲೆಲುಬು ಮುರಿದಿತ್ತು.

ಮರುದಿನ ಭಾಗವ್ವ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಕೊಂಡು ಹಡಗಿನ ಹತ್ತಿರ ಹೋದಳು. ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಇಳಿಬಿಟ್ಟುಕೊಂಡು ಕೂತಿದ್ದ ಆ ಗುಡ್ಡದಂಥ ಮನುಷ್ಯನ ಮುಂದೆ ಬುತ್ತಿ ಇಟ್ಟು, ದೃಷ್ಟಿ ತೆಗೆದು, ಬಿಕ್ಕಿ ಬಿಕ್ಕಿ ಅತ್ತಳು.

"ನನ್ನ ಕುಂಕುಮ ಉಳಿಸಿದ್ಯೋ ಯಣ್ಣಾ. ನನಗ ಒಡಹುಟ್ಟಿದಾವ ಇರಲಿಲ್ಲ, ಇವತ್ತಿಂದ ನೀನಽ ನಮ್ಮಣ್ಣ."

ತಾನಿಯೇಲಾನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಅವನ ಕಣ್ಣಲ್ಲೂ ನೀರು ಬಂತು, ಒಂದೇ ಕೈಯಲ್ಲಿ ಎಂಟು ರೊಟ್ಟಿ ತಿಂದ.

ಕಂಠೆಪ್ಪನಿಗೆ ಮಾತ್ರ ಬೇರೆಯೇ ಪೆಟ್ಟು ಬಿದ್ದಿತ್ತು. ತರಚಿದ ಕೈ ವಾರದಲ್ಲಿ ಮಾಯಿತು. ಆದರೆ ಸಾರುವೆ ಹತ್ತಲು ಹೋದವನು ಮೂರನೇ ಅಡ್ಡಗಳಕ್ಕೆ ಬಿದಿರನ್ನು ತಬ್ಬಿಕೊಂಡು ನಿಂತುಬಿಟ್ಟ, ಮುಂದಕ್ಕೆ ಕಾಲು ಏಳಲಿಲ್ಲ. ಇಳಿದ. ಮರುದಿನ ಹತ್ತಿದ, ಮತ್ತೆ ಇಳಿದ. ಹಗ್ಗ ಕತ್ತರಿಸಿ ಕೊಡುವ, ಗಳ ಎಣಿಸುವ ಕೆಲಸಕ್ಕೆ ಕೂತ. ಆಳುಗಳನ್ನು ಕೆಲಸಕ್ಕೆ ಹಚ್ಚುವ ಮುಕಾದಮ ರಾಜಮಹ್ಮದ ಬಾಗಲಕೋಟೆ ಕಡೆಯವನು, ಕೆಟ್ಟವನಲ್ಲ, ಆದರೆ ಹತ್ತುವ ಆಳು ಅವನಿಗೆ ಬೇಕಾಗಿತ್ತು.

"ಶ್ರಾವಣ ಬರೂತನಕ ನೆಲದ ಮ್ಯಾಲಿನ ಕೆಲಸ ಮಾಡ್ಕೋತ ಇರು, ಕಂಠೆಪ್ಪ. ಆಮ್ಯಾಲೂ ಹತ್ತೂದಾಗಲಿಲ್ಲಂದ್ರ ನಾ ಆದ್ರೂ ಏನ್ ಮಾಡ್ಲಿ ಹೇಳು."

ಕಂಠೆಪ್ಪನಿಗೆ ಇನ್ನೊಂದು ಕಸುಬು ಗೊತ್ತಿರಲಿಲ್ಲ. ಝುವಾರಿನಗರದ ಬಾಡಿಗೆ ಖೋಲಿ ಖಾಲಿ ಮಾಡಿ, ಹಂಚು ಕಟ್ಟಿಕೊಂಡು ಊರಿಗೆ ತಿರುಗಿ ಹೋಗುವುದೊಂದೇ ಉಳಿದ ದಾರಿ. ಅದನ್ನು ಅವನು ಭಾಗವ್ವನಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಗಂಡ ಕತ್ತಲಾಗುವ ಮೊದಲೇ ಮನೆಗೆ ಬರುವುದನ್ನು ನೋಡಿ ತಿಳಿದುಕೊಂಡಿದ್ದಳು.

ಅಷ್ಟರಲ್ಲಿ ಜುಲೈ ಬಂತು. ಆ ಹೊತ್ತಿಗೆ ಖಲಾಸಿಗಳ ನಾಡಿನಲ್ಲಿ ಮೂರೂ ದ್ವೀಪಗಳ ನಡುವೆ ರಗ್ಬಿ ಪಂದ್ಯಾವಳಿ ನಡೆಯುತ್ತದಂತೆ. ಉದ್ದುದ್ದ ಮೊಟ್ಟೆಯಂಥ ಚೆಂಡನ್ನು ಎದೆಗವಚಿಕೊಂಡು ಓಡುವುದು, ಹಿಡಿದು ಕೆಡವುವುದು. ಊರಿಗೆ ಊರೇ ಆ ದಿನ ಒಲೆ ಹಚ್ಚುವುದಿಲ್ಲ ಎಂದು ತಾನಿಯೇಲಾ ಹೇಳಿದನಂತೆ. ಇಲ್ಲಿ ಕೂತರೆ ಅದರ ಸುದ್ದಿ ರೇಡಿಯೋದಲ್ಲೂ ಇಲ್ಲ, ಪೇಪರಿನಲ್ಲೂ ಇಲ್ಲ. ಹುಡುಕಾಡಿ ಸೋತ ಖಲಾಸಿಗಳು ಕೊನೆಗೆ ತಾವೇ ಆಡಿಬಿಡುವುದೆಂದು ನಿಶ್ಚಯಿಸಿದರು. ದೇಶಕ್ಕೆ ಏಳು ಜನ, ಮೂರು ದೇಶ, ಒಂದು ಭಾನುವಾರ. ಚರ್ಚಿನ ಹಿಂದಿನ ಫುಟ್‌ಬಾಲ್ ಮೈದಾನವನ್ನು ಪಾದ್ರಿಗಳು ಮಧ್ಯಾಹ್ನ ಮೂರರವರೆಗೆ ಬಿಟ್ಟುಕೊಟ್ಟರು. ತಾನಿಯೇಲಾ ಆಡುವಂತಿರಲಿಲ್ಲ, ಅವನ ಜಾಗದಲ್ಲಿ ಹಡಗಿನ ಅಡಿಗೆಯವನು ನಿಂತ.

ಈ ಆಟಕ್ಕೆ ಎರಡು ತುದಿಗೂ ಎತ್ತರದ ಕಂಬಗಳು ಬೇಕು. ರಾಜಮಹ್ಮದ ಕಂಠೆಪ್ಪನನ್ನು ಕರೆದ. ತಾನಿಯೇಲಾ ಕೆಸರಿನಲ್ಲಿ ಬೆರಳಿಂದ ಬರೆದು ತೋರಿಸಿದ: ಎರಡು ನಿಲುಗಂಬ, ನಡುವೆ ಒಂದು ಅಡ್ಡಗಳ. ಕಂಠೆಪ್ಪ ಅದನ್ನು ನೋಡಿ ಮನಸ್ಸಿನಲ್ಲೇ ನಕ್ಕ. ಯಾರ ಋಣವನ್ನು ದಿನ ರಾತ್ರಿ ನೆನೆಯುತ್ತಿದ್ದನೋ ಆ ಮನುಷ್ಯನಿಗೆ ಕೈಯಾರೆ ಏನಾದರೂ ಮಾಡಿಕೊಡುವ ದಾರಿ ಕೊನೆಗೂ ಸಿಕ್ಕಿತ್ತು, ಅದೂ ತನ್ನ ಮನೆತನದ ಕೆಲಸ. ಚಿತ್ರದಲ್ಲಿ ಮಾತ್ರ ಒಂದು ಕೊರತೆ ಇತ್ತು. ಕಂಬಗಳ ತುದಿ ಮೇಲೆ ಬಾಯಿ ಬಿಟ್ಟುಕೊಂಡು ನಿಂತಿದ್ದವು. ಪಾಪ, ಸಮುದ್ರದ ಮಂದಿ, ಹಂದರ ಕಂಡವರಲ್ಲ. ಮೇಲೆ ತೆರೆದುಬಿಟ್ಟ ಹಂದರ ಯಾರ ಮನೆಯ ಶುಭಕಾರ್ಯಕ್ಕೂ ಆಗದು ಎಂದು ಅವನ ಅಪ್ಪ ಕಲಿಸಿದ್ದ. ಕಂಠೆಪ್ಪ ಚಿತ್ರವನ್ನು ತಿದ್ದಿಕೊಂಡ.

ಶನಿವಾರವಿಡೀ ನೆಲದ ಮೇಲೆಯೇ ಎರಡು ಚೌಕಟ್ಟು ಕಟ್ಟಿದ. ಇಪ್ಪತ್ತಡಿಯ ಗಳ ಆರಿಸಿ, ನಡುವೆ ಒಂದು ಅಡ್ಡ, ತುದಿಗೊಂದು ಅಡ್ಡ. ಮುಗಿದ ಮೇಲೆ ಖಲಾಸಿಗಳು ಎತ್ತಿ ನಿಲ್ಲಿಸಿದರು, ಬುಡಕ್ಕೆ ಜಂಬಿಟ್ಟಿಗೆ ಕಲ್ಲು ಜಡಿದು ಮಣ್ಣು ತುಳಿದರು. ಅವರ ಗಮನವೆಲ್ಲ ಬುಡದ ಮೇಲೆ. ಭಾಗವ್ವ ಬಂದು ಮದುವೆಯ ಹಂದರಗಂಬಕ್ಕೆ ಮಾಡುವಂತೆ ಒಂದು ಚೌಕಟ್ಟಿನ ಬಲಗಡೆಯ ಕಂಬಕ್ಕೆ ಅರಿಸಿಣ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೆದಳು. ಮೇಲಿನ ಅಡ್ಡಗಳದಲ್ಲಿ ಮಾವಿನೆಲೆಯ ತೋರಣ ಆಡುತ್ತಿತ್ತು. ತಾನಿಯೇಲಾ ಹಣೆ ಬಗ್ಗಿಸಿ ತನಗೂ ಕುಂಕುಮ ಇಡಿಸಿಕೊಂಡ. ಕಂಠೆಪ್ಪ ಆ ದಿನ ಬಹಳ ದಿವಸದ ಮೇಲೆ ಹೊಟ್ಟೆತುಂಬ ಉಂಡ.

ಭಾನುವಾರ ಪ್ರಾರ್ಥನೆ ಮುಗಿಸಿ ಎಲ್ಲರೂ ಮೈದಾನಕ್ಕೆ ಬಂದರು. ಮಳೆ ಬಿಡುವು ಕೊಟ್ಟಿತ್ತು. ಫುಟ್‌ಬಾಲ್ ಆಡುವ ಊರಿನವರೂ ಇದೇನು ಹೊಸದು ಎಂದು ನೋಡಲು ಸೇರಿದರು. ಸಮೋವಾದವನೊಬ್ಬ ಕಾಲು ಸಡಿಲು ಮಾಡಿಕೊಳ್ಳಲೆಂದು ಚೆಂಡನ್ನು ಒದ್ದ. ಚೆಂಡು ಎರಡು ಕಂಬಗಳ ನಡುವೆ ಚೆನ್ನಾಗಿ ಏರಿತು, ಮೇಲಿನ ಅಡ್ಡಗಳಕ್ಕೆ ಬಡಿಯಿತು, ತೋರಣದ ನಾಲ್ಕು ಎಲೆ ಉದುರಿಸಿಕೊಂಡು ಹಿಂದಕ್ಕೆ ಬಂತು. ಎಲ್ಲರೂ ಕತ್ತೆತ್ತಿದರು. ಒಬ್ಬ ನಕ್ಕ, ಇನ್ನೊಬ್ಬ ತಲೆಯ ಮೇಲೆ ಕೈ ಹೊತ್ತ.

ರಾಜಮಹ್ಮದ ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿಕೊಂಡು ಬಂದು ಹೇಳಿದ. "ಎಂಥಾ ಕೆಲಸ ಮಾಡಿದ್ಯೋ ಮಾರಾಯಾ! ಚೆಂಡು ನಡುಕಿನ ಗಳದ ಮ್ಯಾಲಿಂದ ಹಾರಬೇಕಂತ. ಎಷ್ಟು ಎತ್ತರ ಹೋದ್ರೂ ನಡೀತೈತಿ. ಮ್ಯಾಲೆ ಮುಗಲು ತೆರದಿರಬೇಕಂತ."

ಕಂಠೆಪ್ಪನ ಮುಖ ಕಪ್ಪಿಟ್ಟಿತು. ಕಂಬ ಕಿತ್ತು ಇಳಿಸೋಣವೆಂದರೆ ಅಷ್ಟು ಜಡಿದ ಕಲ್ಲು ತೆಗೆಯುವುದರೊಳಗೆ ಮೂರು ಬಾರಿಸುತ್ತದೆ. ಖಲಾಸಿಗಳಿಗೆ ಹತ್ತುವುದೇನೂ ಹೊಸದಲ್ಲ, ಆದರೆ ಆ ಮೈಭಾರಕ್ಕೆ ಬಿದಿರು ಬಾಗಿ ಮುರಿದೀತು. ರಾಜಮಹ್ಮದನ ಹೊಟ್ಟೆಯ ಮಾತು ಬೇಡ. ಅಲ್ಲಿದ್ದವರಲ್ಲಿ ಆ ಗಳ ತಾಳುವ ಆಳು ಒಬ್ಬನೇ. ಅವನು ನೆಲ ನೋಡುತ್ತ ನಿಂತಿದ್ದ.

ತಾನಿಯೇಲಾ ಹತ್ತಿರ ಬಂದು ಅವನ ಬೆನ್ನು ತಟ್ಟಿ ಏನೋ ಹೇಳಿ, ನಗುತ್ತ ಆಟಗಾರರ ಕಡೆ ತಿರುಗಿದ.

"ಏನಂತಾನ್ರಿ?" ಕಂಠೆಪ್ಪ ರಾಜಮಹ್ಮದನನ್ನು ಕೇಳಿದ.

"ಇರಲಿ ಬಿಡು ಅಂತಾನ. ಒದಿಯೂದು ಬಿಟ್ಟು ಬರೇ ಓಡೂ ಆಟ ಆಡ್ತಾರಂತ."

ತಾನಿಯೇಲಾ ಬೈದಿದ್ದರೆ ಕಂಠೆಪ್ಪ ತಡೆದುಕೊಳ್ಳುತ್ತಿದ್ದನೇನೋ. ತನಗಾಗಿ ಹೆಗಲು ಮುರಿದುಕೊಂಡವನು, ಅದರಿಂದಾಗಿ ಆಡುವುದನ್ನೂ ಕಳೆದುಕೊಂಡವನು, ಈಗ ನೋಡುವ ಆಟದಲ್ಲೂ ಅರ್ಧ ಬಿಟ್ಟುಕೊಡಲು ತಯಾರಾಗಿದ್ದ. ಕಂಠೆಪ್ಪನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಲುಂಗಿ ಮೇಲೆ ಕಟ್ಟಿದ, ಹಗ್ಗದ ಸುರುಳಿ ಹೆಗಲಿಗೆ ಹಾಕಿದ, ಅರಿಸಿಣ ಹತ್ತಿದ ಕಂಬವನ್ನು ಮುಟ್ಟಿ ಕೈ ಹಣೆಗೆ ಒತ್ತಿಕೊಂಡ.

"ಬ್ಯಾಡ್ರೀ," ಎಂದಳು ಭಾಗವ್ವ. ಆಮೇಲೆ ಅವನ ಮುಖ ನೋಡಿ, "ಸಾವಕಾಶ ಹತ್ರಿ," ಎಂದಳು.

ಆ ಆಟದಲ್ಲಿ ಬದಿಯಿಂದ ಎಸೆದ ಚೆಂಡು ಹಿಡಿಯಲು ಇಬ್ಬರು ಸೇರಿ ಒಬ್ಬನನ್ನು ತೊಡೆ ಹಿಡಿದು ಮೇಲೆತ್ತುವುದುಂಟು. ಇಬ್ಬರು ಫಿಜಿಯವರು ಕಂಠೆಪ್ಪನನ್ನು ಹಾಗೆಯೇ, ಹಪ್ಪಳ ಎತ್ತಿದಷ್ಟು ಹಗುರಾಗಿ ಎತ್ತಿ ನಡುವಿನ ಅಡ್ಡಗಳದ ಮೇಲೆ ನಿಲ್ಲಿಸಿದರು. ಅಲ್ಲಿಂದ ಮೇಲೆ ಹತ್ತಡಿ ಬರೀ ಕಂಬ. ಅವನು ಹೆಬ್ಬೆರಳಿನಿಂದ ಬಿದಿರು ಕಚ್ಚಿದ. ಒಂದು ಹಿಡಿತ, ಎರಡು ಹಿಡಿತ. ಮೂರನೆಯದಕ್ಕೆ ಮತ್ತೆ ಕಂಬವನ್ನು ತಬ್ಬಿಕೊಂಡು ನಿಂತುಬಿಟ್ಟ. ಬಿದಿರು ಅತ್ತಿತ್ತ ವಾಲಿತು. ಕಾಂಕ್ರೀಟಿನ ನೆಲ ಕಣ್ಣ ಮುಂದೆ ಬಂತು. ಇಳಿದುಬಿಡೋಣವೆಂದು ಅವನು ಕೆಳಗೆ ನೋಡಿದ.

ಕೆಳಗೆ ತಾನಿಯೇಲಾ ನಿಂತಿದ್ದ. ಒಂದು ಕೈ ಜೋಳಿಗೆಯಲ್ಲಿ, ಇನ್ನೊಂದು ಕೈ ಮೇಲಕ್ಕೆ ಚಾಚಿ. ಕಂಬ ಎಡಕ್ಕೆ ವಾಲಿದರೆ ಅವನೂ ಎಡಕ್ಕೆ ಸರಿಯುತ್ತಿದ್ದ, ಬಲಕ್ಕೆ ವಾಲಿದರೆ ಬಲಕ್ಕೆ. ಇಬ್ಬರು ಗಟ್ಟಿಮುಟ್ಟಾದವರು ಪಕ್ಕದಲ್ಲಿದ್ದರೂ ಅವರಿಗೆ ಜಾಗ ಬಿಟ್ಟಿರಲಿಲ್ಲ. ಮುರಿದ ಹೆಗಲು ಕೂಡಿರಲಿಲ್ಲ, ಇನ್ನೊಂದನ್ನು ಮುರಿದುಕೊಳ್ಳಲು ತಯಾರಾಗಿ ನಿಂತಿದ್ದ.

ಕಂಠೆಪ್ಪ ಮುಖ ಮೇಲಕ್ಕೆ ತಿರುಗಿಸಿದ. ಈ ಮನುಷ್ಯನ ಮೇಲೆ ಇನ್ನೊಮ್ಮೆ ಬೀಳುವುದೆಂದರೆ ಆಗದ ಮಾತು ಎಂದುಕೊಂಡ. ಹಾಗೆಂದುಕೊಂಡು ನಾಲ್ಕನೇ ಹಿಡಿತ ಹಾಕಿದ, ಐದನೆಯದು ಹಾಕಿದ, ತುದಿ ಮುಟ್ಟಿದ. ತಾನೇ ಕಟ್ಟಿದ ಗಂಟು ಅವನ ಬೆರಳಿಗೂ ಸುಲಭಕ್ಕೆ ಬಿಚ್ಚಲಿಲ್ಲ, ಹಲ್ಲಿನಿಂದ ಎಳೆಯಬೇಕಾಯಿತು. ಗಳದ ಆ ತುದಿಯನ್ನು ಹಗ್ಗದಲ್ಲಿ ತೂಗುಬಿಟ್ಟು ಇಳಿದ, ಇನ್ನೊಂದು ಕಂಬ ಹತ್ತಿ ಇನ್ನೊಂದು ಗಂಟು ಬಿಚ್ಚಿದ. ತೋರಣದ ಸಮೇತ ಗಳ ಮೆಲ್ಲಗೆ ಇಳಿಯಿತು. ಮೈದಾನವೆಲ್ಲ ಕೂಗಿತು.

ಆಟದ ಮಾತು ಬೇಗ ಹೇಳಿ ಮುಗಿಸಬಹುದು. ಪ್ರತಿ ದೇಶದವರೂ ಆಡುವ ಮೊದಲು ತೊಡೆ ತಟ್ಟಿ, ನೆಲ ಒದ್ದು, ಕಣ್ಣು ಕೆಕ್ಕರಿಸಿ ಕುಣಿದರು. ಮೈಮೇಲೆ ದೇವರು ಬಂದದ್ದೆಂದು ಭಾಗವ್ವ ಕೈಮುಗಿದಳು. ಟೋಂಗಾದವರು ಎರಡೂ ಆಟ ಸೋತರು, ಅಡಿಗೆಯವನು ಚೆಂಡಿಗಿಂತ ಹೆಚ್ಚು ಸಲ ತಾನೇ ಬಿದ್ದ. ಫಿಜಿಯವನೊಬ್ಬ ಕೊನೆಗೆ ಒದ್ದ ಚೆಂಡು ಬಿದಿರಿನ ತುದಿಗಿಂತಲೂ ಮೇಲೆ ಹಾರಿ ಹೋಯಿತು. ಅಷ್ಟು ಮುಗಿಲು ಅದಕ್ಕೆ ಬೇಕಿತ್ತು ಎನ್ನುವುದು ಕಂಠೆಪ್ಪನಿಗೆ ಆಗ ತಿಳಿಯಿತು.

ಶ್ರಾವಣದಲ್ಲಿ ಅವನು ಸಾರುವೆಯ ಮೇಲಿದ್ದ. ಪಂಚಮಿಗೆ ಭಾಗವ್ವ ಎಳ್ಳುಂಡಿ, ಶೇಂಗಾ ಉಂಡಿ ಮಾಡಿ ಹೊಸ ಅಣ್ಣನಿಗೆ ಡಬ್ಬಿ ತುಂಬಿಸಿ ಕೊಟ್ಟಳು. ಎಂಟು ದಿನಕ್ಕೆ ಗುಂಡಿಗೆ ನೀರು ಬಿಟ್ಟರು, ಬಣ್ಣ ಬಳಿದ ಹಡಗು ತೇಲಿ ಹೋಯಿತು. ಆಮೇಲೆ ಕಂಠೆಪ್ಪ ಏಳು ವರ್ಷ ಹತ್ತಿದ, ಗೋವೆಯ ದಕ್ಷಿಣ ತುದಿಯ ಕಾಣಕೋಣದವರೆಗೂ ಹೋಗಿ ಹತ್ತಿದ. ಅರಿಸಿಣದ ಕಲೆ ಹತ್ತಿದ ಆ ಗಳವನ್ನು ಎಲ್ಲಿ ಹೋದರೂ ಮೊದಲು ನಿಲ್ಲಿಸುತ್ತಿದ್ದ. ಯಾರ ಪುಣ್ಯದಿಂದ ಈ ಅನ್ನ ತಿನ್ನುತ್ತಿದ್ದೇನೆಂಬುದನ್ನು ಅವನು ಒಂದು ದಿನವೂ ಮರೆಯಲಿಲ್ಲ.

ಆದರೆ ಆ ಭಾನುವಾರದ ಒಂದು ಮಾತು ಉಳಿದಿದೆ. ಚೌಕಟ್ಟು ಎರಡಿದ್ದವಲ್ಲ. ಮೊದಲನೆಯದು ತೆರೆದ ಸಂತೋಷದಲ್ಲಿ ಜನ ಇನ್ನೂ ಕೂಗುತ್ತಿದ್ದಾಗಲೇ ಕಂಠೆಪ್ಪ ಒಬ್ಬನೇ ಮೈದಾನ ದಾಟಿ ಆಚೆ ತುದಿಗೆ ಹೋದ. ಯಾರೂ ಎತ್ತಲಿಲ್ಲ, ಯಾರೂ ಹೇಳಲಿಲ್ಲ. ನೆಲದಿಂದಲೇ ಬಿದಿರು ಕಚ್ಚಿ ಏರತೊಡಗಿದ. ನೋಡಿದ ತಾನಿಯೇಲಾ ಜೋಳಿಗೆಯ ಕೈ ಹಿಡಿದುಕೊಂಡು ಏದುಸಿರು ಬಿಡುತ್ತ ಓಡಿ ಬಂದು, ಕಂಬದ ಬುಡದಲ್ಲಿ ಮತ್ತೆ ಕೈ ಚಾಚಿ ನಿಂತ.

ಕಂಠೆಪ್ಪ ತುದಿಯಿಂದ ಬಗ್ಗಿ ನೋಡಿ, ತನ್ನ ಕನ್ನಡದಲ್ಲೇ ಕೂಗಿದ.

"ಕೈ ನೊಂದೀತು, ಇಳಸಪಾ. ಕುಂದರು. ನಾ ಬೀಳೂದಿಲ್ಲ."

ತಾನಿಯೇಲಾ ಕೂರಲಿಲ್ಲ. ಕಂಠೆಪ್ಪ ಇಳಿದು ನೆಲ ಮುಟ್ಟುವವರೆಗೂ ಕೈ ಚಾಚಿಕೊಂಡೇ ನಿಂತಿದ್ದ.