ಮೆತ್ತಗಿನ ಬಟನ್ನು

ಭಾನುಪ್ರಿಯಾ ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುವುದನ್ನು ಹೊಸಬರು ಯಾರು ನೋಡಿದರೂ ಒಂದು ಸಲ ‘ಅಯ್ಯೋ’ ಎನ್ನುತ್ತಿದ್ದರು. ಅವಳ ಅತ್ತೆ ಓಬಳಮ್ಮನಿಗೆ ಅದು ಹೆಮ್ಮೆಯ ವಿಷಯ. “ನಮ್ ಸೊಸೇದು ಇಕ್ಕಳದ ಕೈ ಕಣಮ್ಮಾ, ಕೆಂಡಾನೂ ಎತ್ತಿ ಇಟ್ಬಿಡ್ತಾಳೆ” ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಇಕ್ಕಳದ ಕೈ ಹುಟ್ಟಿನಿಂದ ಬಂದದ್ದಲ್ಲ. ಶಿಡ್ಲಘಟ್ಟದ ಹೊರಗಿರುವ ಒಂದು ಫಿಲೇಚರಿನಲ್ಲಿ ಅವಳು ಒಂಬತ್ತು ವರ್ಷದಿಂದ ರೇಷ್ಮೆ ನೂಲು ತೆಗೆಯುತ್ತಿದ್ದಾಳೆ. ಬೆಳಗಿನಿಂದ ಸಂಜೆಯವರೆಗೆ ಕೈ ಬಿಸಿನೀರಿನ ತೊಟ್ಟಿಯಲ್ಲಿ. ಬೆಂದು ತೇಲುವ ಗೂಡುಗಳಿಂದ ಎಳೆ ಹುಡುಕಿ ತೆಗೆದು ಯಂತ್ರಕ್ಕೆ ಹಿಡಿಸಬೇಕು. ಸೇರಿದ ಹೊಸದರಲ್ಲಿ ಬೆರಳ ತುದಿಗಳು ಬಿಳಿಚಿ ಸುಲಿದವು, ಅನ್ನ ಕಲಸಿದರೆ ಉರಿಯುತ್ತಿದ್ದವು. ಆಮೇಲೊಂದು ದಿನ ಉರಿ ನಿಂತಿತು. ಸದ್ಯ, ಅಭ್ಯಾಸವಾಯಿತು ಎಂದುಕೊಂಡಳು. ಎಳೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಬೆರಳು ಹೇಳುತ್ತಿಲ್ಲ, ಕಣ್ಣು ನೋಡಿ ಹೇಳುತ್ತಿದೆ ಎಂಬುದು ಅವಳ ಗಮನಕ್ಕೇ ಬಂದಿರಲಿಲ್ಲ.

ಈ ಸಲ ಯುಗಾದಿ ಕಳೆದ ಮರುವಾರ, ಅವಳ ಆರು ವರ್ಷದ ಮಗಳು ಧನುಶ್ರೀ ಹಿಪ್ಪುನೇರಳೆ ಸೊಪ್ಪು ತುಂಬಿದ್ದ ಟ್ರೇಲರಿನ ಮೇಲಿಂದ ಜಾರಿ ಬಿದ್ದು ಬಲ ಮೊಣಕೈ ಮುರಿದುಕೊಂಡಳು. ಊರಿನ ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಗಂಡ ವೇಣು ಆಸ್ಪತ್ರೆ ಅಂದ. ಕೈವಾರದ ಆಚೆ ಕಟ್ಟು ಹಾಕುವ ಆವುಲಪ್ಪನ ಹತ್ತಿರ ಹೋಗೋಣ ಅಂದವಳು ಭಾನುಪ್ರಿಯಾನೇ. ಅವಳ ಅಪ್ಪನ ಮುರಿದ ಕಾಲನ್ನು ಕೂಡಿಸಿ ಮತ್ತೆ ನಡೆಸಿದವನು ಅವನು. ಆವುಲಪ್ಪ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ. ಕಟ್ಟಿದ ಮೇಲೆ ಎರಡೆರಡು ಸಲ ಹೇಳಿದ:

“ನೋಡಮ್ಮಾ, ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಮಗೂ ಬೆರಳು ಮುಟ್ಟಿ ನೋಡು. ತಣ್ಣಗಾಗಿದ್ರೆ ಆ ಗಳಿಗೇಲೇ ಕರ್ಕೊಂಡ್ ಬಂದ್ಬಿಡು. ಸಡ್ಲ ಮಾಡ್ತೀನಿ.”

ಮೂರು ವಾರ ಅವಳು ಒಂದು ಹೊತ್ತೂ ತಪ್ಪಿಸದೆ ಮುಟ್ಟಿ ನೋಡಿದಳು. “ಬೆಚ್ಚಗಿದೆ” ಎಂದು ಎಲ್ಲರಿಗೂ ಹೇಳಿದಳು. ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು. ಹೆಬ್ಬೆರಳ ತುದಿ, ಅದರ ಪಕ್ಕದ ಬೆರಳ ತುದಿ, ಎರಡೂ ಬಗ್ಗುತ್ತಿರಲಿಲ್ಲ.

ಚಿಕ್ಕಬಳ್ಳಾಪುರದ ಡಾಕ್ಟರು ನರ ಒತ್ತಿಹೋಗಿದೆ ಎಂದರು. ತಾನಾಗಿಯೇ ಬರಬಹುದು, ಬೆರಳಿಗೆ ಕೆಲಸ ಕೊಡಿ, ದೀಪಾವಳಿ ಹೊತ್ತಿಗೂ ತುದಿ ಬಗ್ಗದಿದ್ದರೆ ಆಪರೇಷನ್ ಯೋಚನೆ ಮಾಡೋಣ ಎಂದರು. ಕಟ್ಟು ಇದ್ದಾಗ ಬೆರಳು ತಣ್ಣಗಾಗಿತ್ತಾ ಎಂದು ಕೇಳಿದರು.

“ಇಲ್ಲ ಸರ್. ಬೆಚ್ಚಗೇ ಇತ್ತು. ದಿನಾ ನಾನೇ ನೋಡ್ತಿದ್ದೆ.”

ವೇಣು ಆವುಲಪ್ಪನ ಮನೆ ಬಾಗಿಲಿಗೆ ಹೋಗಿ ಬಾಯಿಗೆ ಬಂದಂತೆ ಬೈದು ಬಂದ. ಭಾನುಪ್ರಿಯಾ ಬೈಯಲಿಲ್ಲ, ಅಳಲೂ ಇಲ್ಲ. ಮಗಳು ಎಡಗೈಯಲ್ಲಿ ಅನ್ನ ತಿನ್ನುವುದನ್ನು, ಬಲಗೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಡುವುದನ್ನು ನೋಡುತ್ತ, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದಳು. ಊಟಕ್ಕೆ ಕೂತರೆ ಉಣ್ಣುತ್ತಿದ್ದಳು, ಮಲಗಿದರೆ ನಿದ್ದೆ ಬರುತ್ತಿತ್ತು. ಒಳಗೆ ಏನೋ ಮುಚ್ಚಿಕೊಂಡಿತ್ತು. ಅದೇನೆಂದು ತೆಗೆದು ನೋಡಲು ಅವಳಿಗೆ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಚಿಕ್ಕಬಳ್ಳಾಪುರದಲ್ಲಿ ಬೆರಳಿನ ವ್ಯಾಯಾಮ. ಮಾಡಿಸುವ ಚೈತನ್ಯ ಮೇಡಂ ಚಿಕ್ಕ ವಯಸ್ಸಿನವಳು, ಮೆತ್ತಗೆ ಮಾತಾಡುವವಳು. ಆದರೂ ಧನು ಅಲ್ಲಿ ಕಾಲಿಟ್ಟ ಕೂಡಲೇ ಮುಷ್ಟಿ ಬಿಗಿದು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದಳು. ಅದಕ್ಕೇ ಚೈತನ್ಯ ಒಂದು ದಾರಿ ಮಾಡಿದ್ದಳು. ಮನೆಯಲ್ಲಿ ಭಾನುಪ್ರಿಯಾ ತನ್ನ ಬೆರಳನ್ನು ಮಗಳ ಹೆಬ್ಬೆರಳ ಕೆಳಗಿಟ್ಟು ಒತ್ತಿಸಬೇಕು, ಎಷ್ಟು ಜೋರಾಗಿ ಒತ್ತುತ್ತಾಳೆ ಎಂದು ಬಂದು ಹೇಳಬೇಕು. “ಹೋದ ಸಲಕ್ಕಿಂತ ಸ್ವಲ್ಪ ಜಾಸ್ತಿ ಆಗಿದೆ ಮೇಡಂ” ಎಂದು ಅವಳು ಹೇಳುತ್ತಿದ್ದಳು. ಚೈತನ್ಯ ಬರೆದುಕೊಳ್ಳುತ್ತಿದ್ದಳು.

ಆಷಾಢದಲ್ಲಿ ಒಂದು ದಿನ ಚೈತನ್ಯ ಕೇಳಿದಳು, “ಮನೇಲಿ ಮೊಬೈಲ್ ನೋಡ್ತಾಳಾ?”

“ಎಡಗೈಲಿ ಸವರ್ತಾ ಇರ್ತಾಳೆ ಮೇಡಂ.”

“ಮೊಬೈಲ್ ಬೇಡ. ಸವರೋದಕ್ಕೆ ಶಕ್ತಿ ಬೇಕಾಗಲ್ಲ. ಕೈಯಲ್ಲಿ ಹಿಡ್ಕೊಂಡು ಬಟನ್ ಒತ್ತೋ ವಿಡಿಯೋ ಗೇಮ್ ಬರುತ್ತಲ್ಲ, ಅದು ಕೊಡಿಸಿ. ಎಡಗೈಯಲ್ಲಿ ಗೊಂಬೆ ಓಡಿಸ್ಬೇಕು, ಬಲ ಹೆಬ್ಬೆರಳಲ್ಲಿ ಹಾರಿಸ್ಬೇಕು. ಒಂದೇ ಮಾತು ನೆನಪಿಟ್ಕೊಳ್ಳಿ, ಬಟನ್ ಮೆತ್ತಗಿರಬೇಕು. ಗಟ್ಟಿ ಇದ್ರೆ ಒಂದೇ ದಿನಕ್ಕೆ ಬಿಟ್ಟು ಎಡಗೈಗೆ ಹೋಗ್ಬಿಡ್ತಾಳೆ.”

ಮುಂದಿನ ಭಾನುವಾರ, ಮಗಳಿಗೆ ಹೇಳದೆ ತಂದು ಕೊಡೋಣವೆಂದು ಭಾನುಪ್ರಿಯಾ ಒಬ್ಬಳೇ ಚಿಕ್ಕಬಳ್ಳಾಪುರಕ್ಕೆ ಹೋದಳು. ಬಿ.ಬಿ. ರಸ್ತೆಯಲ್ಲಿ ಮುರಳಿಮೋಹನನ ಮೊಬೈಲ್ ಅಂಗಡಿ. ಚಾರ್ಜರು, ಇಯರ್‌ಫೋನು, ಮೊಬೈಲಿನ ಕವರುಗಳ ನಡುವೆ ನಾಲ್ಕು ಬಗೆಯ ಗೇಮುಗಳು ಗಾಜಿನೊಳಗಿದ್ದವು.

“ಎಷ್ಟು ವಯಸ್ಸಮ್ಮಾ ಮಗೂಗೆ?”

“ಆರು.”

“ಹಂಗಾದ್ರೆ ಇದು ತಗೊಳ್ಳಿ, ನಾನೂರು ಆಟ ಐತೆ ಒಳಗೆ. ಪಿಯುಸಿಗಂಟ ಬರುತ್ತೆ.”

“ನಾನೂರು ಬೇಡ ಅಣ್ಣಾ, ಹಾರೋದೊಂದು ಇದ್ರೆ ಸಾಕು. ಕಣ್ಣಿಗೇನಾದ್ರೂ ಆಗುತ್ತಾ?”

“ದಿನಾ ಪೂರ್ತಿ ಆಡಿದ್ರೆ ನನ್ ಕಣ್ಣಿಗೂ ಆಗುತ್ತೆ” ಎಂದು ಮುರಳಿಮೋಹನ ಕನ್ನಡಕ ಸರಿಮಾಡಿಕೊಂಡ.

ಅವಳು ನಾಲ್ಕನ್ನೂ ಹೊರಗೆ ತೆಗೆಸಿದಳು. ಡಬ್ಬಿಯ ಮೇಲಿದ್ದುದನ್ನೆಲ್ಲ ಓದಿದಳು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಸದ್ದು ಕಮ್ಮಿ ಮಾಡಬಹುದೇ, ಕೆಳಗೆ ಬಿದ್ದರೆ ಒಡೆಯುತ್ತದೆಯೇ ಎಂದು ಒಂದೂ ಬಿಡದೆ ಕೇಳಿದಳು. ಮಗಳ ಅಂಗೈ ಎಷ್ಟಗಲ ಎಂದು ದಾರ ಇಟ್ಟು ಅಳೆದು ತಂದಿದ್ದಳು, ಅದನ್ನು ಹಿಡಿದು ನೋಡಿದಳು. ಕೊನೆಗೆ ಒಂದೊಂದರ ಬಟನ್ನನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ನಾಲ್ಕೂ ಮೆತ್ತಗೇ ಇದ್ದವು. ನೀಲಿಯದನ್ನು ಆರಿಸಿದಳು, ಅಂಗೈ ಅಳತೆಗೆ ಅದೇ ಸರಿಹೋಗುತ್ತಿತ್ತು.

“ಅಮ್ಮಾ, ಅದರ ಬಟನ್ನು ಸ್ವಲ್ಪ ಬಿಗಿ. ಚಿಕ್ಕ ಮಗು ಅಂತೀರ.”

“ಇಲ್ಲಣ್ಣಾ, ಒತ್ತಿ ನೋಡ್ದೆ. ಬೆಣ್ಣೆ ಇದ್ದಂಗಿದೆ.”

“ನಿಮ್ಮಿಷ್ಟ” ಎಂದು ಅವನು ಬಿಲ್ಲು ಹರಿದುಕೊಟ್ಟ.

ಧನು ಡಬ್ಬಿ ನೋಡಿ ಕುಣಿದಳು. ಕೋತಿಯೊಂದು ಓಡುತ್ತ ಹಳ್ಳಗಳನ್ನು ಹಾರಬೇಕಾದ ಆಟ. ಕೋತಿಗೆ ಗುಂಡ ಎಂದು ಅವಳೇ ಹೆಸರಿಟ್ಟಳು. ಎಡ ಹೆಬ್ಬೆರಳಲ್ಲಿ ಗುಂಡನನ್ನು ಓಡಿಸಿದಳು. ಹಳ್ಳ ಬಂದಾಗ ಬಲ ಹೆಬ್ಬೆರಳನ್ನು ಬಟನ್ನಿನ ಮೇಲಿಟ್ಟಳು. ಗುಂಡ ಹಳ್ಳಕ್ಕೆ ಬಿದ್ದ. ಮತ್ತೆ ಬಿದ್ದ. ಐದನೆಯ ಸಲ ಎಡಗೈಯೇ ಈಚೆಗೆ ಬಂದು ಒತ್ತಿತು.

“ಬಲಗೈಲಿ ಒತ್ತಮ್ಮಾ.”

“ಗಟ್ಟಿ ಅಮ್ಮಾ.”

“ಎಲ್ಲಿ ಗಟ್ಟಿ? ನೆಪ ಹೇಳ್ಬೇಡ ಧನೂ. ಒತ್ತು.”

ಮಗು ತುಟಿ ಕಚ್ಚಿ ಒತ್ತಿತು. ಮುಖ ಕೆಂಪಾಯಿತು. ಗುಂಡ ಹಳ್ಳಕ್ಕೆ ಬಿದ್ದ. ಧನು ಗೇಮನ್ನು ಚಾಪೆಯ ಮೇಲಿಟ್ಟು ಕೈಯನ್ನು ಲಂಗದೊಳಗೆ ಬಚ್ಚಿಟ್ಟಳು.

ಹುರುಳಿಕಾಯಿ ಸೋಸುತ್ತಿದ್ದ ಓಬಳಮ್ಮ ಗೇಮನ್ನು ಎತ್ತಿಕೊಂಡಳು. “ಏಮೇ ಇದಿ, ಏನೇ ಇದು? ಕಲ್ಲಿದ್ದಂಗೈತೆ! ನಂಗೇ ಒತ್ತಕ್ಕಾಗ್ತಿಲ್ಲ, ಮಗೂನ ಬೈತೀಯಲ್ಲೇ.”

“ಕೊಡವ್ವಾ ಇಲ್ಲಿ” ಎಂದು ವೇಣು ತೆಗೆದುಕೊಂಡು ಒತ್ತಿದ. “ಹೌದು ಕಣೇ, ಬಿಗಿಯಾಗೇ ಐತೆ. ನೋಡ್ಕೊಂಡ್ ತರಬಾರ್ದಾ?”

ಭಾನುಪ್ರಿಯಾ ಇನ್ನೊಮ್ಮೆ ಒತ್ತಿದಳು. ಬಟನ್ನು ಕೆಳಗೆ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಬೆರಳಿಗೆ ಏನೂ ಆಗುತ್ತಿರಲಿಲ್ಲ. ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ.

ಅವಳು ಎದ್ದು ಅಡುಗೆಮನೆಗೆ ಹೋದಳು. ಆಗತಾನೇ ಕಾಯಿಸಿದ ಹಾಲಿನ ಪಾತ್ರೆಗೆ ಬೆರಳ ತುದಿ ಇಟ್ಟಳು. ಆಮೇಲೆ ನೀರಿನ ಬಿಂದಿಗೆಗೆ ಇಟ್ಟಳು. ಕಣ್ಣು ಮುಚ್ಚಿ ಮತ್ತೆ ಎರಡಕ್ಕೂ ಇಟ್ಟಳು. ಯಾವುದು ಹಾಲು, ಯಾವುದು ನೀರು ಎಂದು ತುದಿಗಳು ಹೇಳಲಿಲ್ಲ. ಮಣಿಕಟ್ಟು ತಾಗಿಸಿದಾಗ ಚುರ್ ಎಂದಿತು.

ಮೂರು ವಾರ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಇದೇ ತುದಿಗಳಿಂದ.

ಬಿಂದಿಗೆಯ ಮುಚ್ಚಳ ಮುಚ್ಚಿದಳು. ಎಸರಿಟ್ಟು ಹಿಟ್ಟು ಹಾಕಿ, ಹೊಗೆಯಾಡುವ ಮುದ್ದೆಯನ್ನು ಕೈಯಲ್ಲೇ ಉಂಡೆ ಕಟ್ಟಿ ನಾಲ್ಕು ತಟ್ಟೆಗೆ ಹಾಕಿದಳು. ಊಟ ಮಾಡುವಾಗ ವೇಣುವಿಗೆ ಹೇಳಿದಳು. ದನಿ ಏರಲಿಲ್ಲ, ಇಳಿಯಲಿಲ್ಲ. ಕರೆಂಟು ಹೋಗಿದೆ ಎನ್ನುವ ಹಾಗೆ ಹೇಳಿದಳು.

“ರೀ, ಆವುಲಪ್ಪಂದು ತಪ್ಪಿಲ್ಲ. ಮಗೂದು ಬೆರಳು ತಣ್ಣಗಾಗಿತ್ತೋ ಏನೋ, ನಂಗೆ ತಿಳೀಲಿಲ್ಲ. ನನ್ ಬೆರಳಿಗೆ ತಿಳಿಯಲ್ಲ.”

ವೇಣು ತುತ್ತು ಕೈಯಲ್ಲೇ ಹಿಡಿದು ಕೂತ. ಓಬಳಮ್ಮ ಮಾತ್ರ, “ಸುಮ್ನಿರೇ, ಏನೇನೋ ಮಾತಾಡ್ಬೇಡ” ಎಂದು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಇಕ್ಕಳದ ಕೈ ಎಂಬ ಮಾತು ಅಂದಿನಿಂದ ಅವಳ ಬಾಯಲ್ಲಿ ಬರಲಿಲ್ಲ.

ಮಂಗಳವಾರ ರಜೆ ಹಾಕಿ ಮಗಳನ್ನು ಕರೆದುಕೊಂಡು ಚೈತನ್ಯಳ ಹತ್ತಿರ ಹೋದಳು.

“ಮೇಡಂ, ಜಾಸ್ತಿ ಆಗಿದೆ ಅಂತ ನಾನು ಹೇಳಿದ್ದೆಲ್ಲ ಅಳಿಸಿಬಿಡಿ.”

ಚೈತನ್ಯ ಕಾರಣ ಕೇಳಿದಳು. ಕೇಳಿಸಿಕೊಂಡಳು. ಭಾನುಪ್ರಿಯಾಳ ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. “ಈಗ ಯಾವ ಬೆರಳು?” ಎಂದಳು.

“ಮುಟ್ಟಿದ್ರಾ?” ಎಂದಳು ಭಾನುಪ್ರಿಯಾ.

ಧನು ಅಮ್ಮನ ಮುಖವನ್ನೂ ಪೆನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. ಮೊದಲ ಸಲ ಸೆರಗು ಬಿಟ್ಟು ನಿಂತಿದ್ದಳು.

“ಆಗಲೇ ಸಡ್ಲ ಮಾಡಿಸಿದ್ರೆ ಸರಿ ಇರ್ತಿತ್ತಾ ಮೇಡಂ?”

“ಗೊತ್ತಿಲ್ಲ ಭಾನು ಅವರೇ. ಬಿದ್ದಾಗಲೇ ನರಕ್ಕೆ ಪೆಟ್ಟಾಗಿರಬಹುದು, ಕಟ್ಟಿಂದಾನೂ ಆಗಿರಬಹುದು. ಯಾರಿಂದಾನೂ ಹೇಳಕ್ಕಾಗಲ್ಲ.” ಚೈತನ್ಯ ಪೆನ್ನನ್ನು ಜೇಬಿಗಿಟ್ಟಳು. “ನಿಮ್ಮ ಕೈನೂ ಡಾಕ್ಟರಿಗೆ ತೋರಿಸ್ಬೇಕು. ಇವಳದ್ದು ನೋಡೋದಕ್ಕೆ ಬೆರಳು ಬೇಡ, ಕೆನ್ನೆ ಕೊಡಿ. ಕೆನ್ನೆಗೆ ತಿಳಿಯುತ್ತೆ.”

ಅಲ್ಲಿಂದ ನೇರ ಮುರಳಿಮೋಹನನ ಅಂಗಡಿ. ನೀಲಿ ಗೇಮನ್ನು ಗಾಜಿನ ಮೇಲಿಟ್ಟಾಗ ಅವನು, “ನಾನು ಹೇಳಿರಲಿಲ್ವಾ ಅಮ್ಮಾ” ಎಂದ.

“ಹೇಳಿದ್ರಿ ಅಣ್ಣಾ. ನನ್ ಬೆರಳಲ್ಲಿ ಸ್ಪರ್ಶ ಇಲ್ಲ. ಇವಳೇ ನೋಡ್ತಾಳೆ, ತೆಗೀರಿ.”

ಅವನು ಸ್ಟೂಲು ತಂದು ಧನುವನ್ನು ಅದರ ಮೇಲೆ ನಿಲ್ಲಿಸಿದ. ಉಳಿದ ಮೂರನ್ನೂ ಅವಳು ಒತ್ತಿ ನೋಡಿದಳು. ಮೂರಕ್ಕೂ ಆಗಲ್ಲ ಎಂದು ತಲೆಯಾಡಿಸಿದಳು. ಮುರಳಿಮೋಹನ ಗಲ್ಲ ಕೆರೆದುಕೊಂಡು ನಿಂತ. ಆಮೇಲೆ ರಿಪೇರಿ ಸಾಮಾನಿನ ಡ್ರಾಯರಿನಿಂದ ಬಣ್ಣ ಹೋದ ಹಳೇ ಗೇಮೊಂದನ್ನು ಹುಡುಕಿ ತೆಗೆದ. ಒಂದು ಮೂಲೆ ಒಡೆದಿತ್ತು, ಟೇಪು ಸುತ್ತಿತ್ತು.

“ಇದು ನನ್ ಮಗಳದ್ದು. ಒತ್ತೀ ಒತ್ತೀ ಸವೆಸಿಬಿಟ್ಟವ್ಳೆ. ಈಗ ಕಾಲೇಜು, ನಮ್ ಕಡೆ ತಿರುಗೂ ನೋಡಲ್ಲ. ಒತ್ತು ಪುಟ್ಟಮ್ಮಾ.”

ಧನು ಹೆಬ್ಬೆರಳಿಟ್ಟಳು. ಇಡೀ ಮೊಣಕೈಯಿಂದ ಭಾರ ಬಿಟ್ಟಳು. ಟುಕ್ ಎಂದಿತು.

“ಇದು” ಎಂದಳು.

“ಹೊಸದು ಬಿಟ್ಟು ಒಡೆದುಹೋಗಿರೋ ಗುಜರಿ ಆರಿಸ್ಕೊಂಡ್ಲಲ್ಲಮ್ಮಾ ನಿಮ್ ಮಗಳು!” ಎಂದು ಮುರಳಿಮೋಹನ ನಕ್ಕ. ಭಾನುಪ್ರಿಯಾ ನಗಬೇಕೆಂದು ತಿಳಿದು ನಕ್ಕಳು. ನೀಲಿಯದನ್ನು ಅವನು ವಾಪಸು ಇಟ್ಟುಕೊಂಡ.

ಅಲ್ಲಿಂದಾಚೆಗೆ ದಿನಗಳು ಒಂದೇ ಥರ. ಬೆಳಿಗ್ಗೆ ಬಸ್ಸು, ತೊಟ್ಟಿ, ಬೆಂದ ಹುಳದ ವಾಸನೆ, ಸಂಜೆ ಬಸ್ಸು. ಡಾಕ್ಟರು ಅವಳ ಕೈ ನೋಡಿ ಬಿಸಿನೀರಿನಿಂದ ದೂರ ಇರಿ ಎಂದರು. ಸೂಪರ್‌ವೈಸರು ಗೂಡು ಆರಿಸುವ ಕಡೆ ಜಾಗ ಖಾಲಿಯಾದರೆ ಹೇಳುತ್ತೇನೆ ಎಂದ. ವೇಣು ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಆವುಲಪ್ಪನ ಮನೆಗೆ ಹೋಗಿ ಬಂದ. ಏನು ಮಾತಾಡಿದ ಎಂದು ಅವಳು ಕೇಳಲಿಲ್ಲ. ದಿನವೂ ಸಂಜೆ ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತು ಮಗಳ ಮುಂದೆ ಕೆನ್ನೆ ಒಡ್ಡುತ್ತಿದ್ದಳು. ಧನು ಹೆಬ್ಬೆರಳನ್ನು ಒತ್ತುತ್ತಿದ್ದಳು. ಮೆತ್ತಗೆ, ಚಪ್ಪಟೆಯಾಗಿ, ಸ್ಟಾಂಪು ಒತ್ತಿದ ಹಾಗೆ. ನಿನ್ನೆಯಷ್ಟೇ. ಚೈತನ್ಯಳಿಗೆ ಹಾಗೆಯೇ ಹೇಳುತ್ತಿದ್ದಳು. ನಿನ್ನೆಯಷ್ಟೇ ಮೇಡಂ. ಶ್ರಾವಣ ಹೋಯಿತು, ಗೌರಿ ಗಣೇಶ ಹೋಯಿತು. ಗುಂಡ ಎರಡು ಹಳ್ಳ ದಾಟುತ್ತಿದ್ದ, ಮೂರನೆಯದಕ್ಕೆ ಬೀಳುತ್ತಿದ್ದ.

ನವರಾತ್ರಿಯ ಐದನೇ ದಿನ ಅವಳು ಮನೆಗೆ ಬಂದಾಗ ಓಬಳಮ್ಮ ಬಾಗಿಲಲ್ಲೇ ತಡೆದಳು. “ಅದ್ಯಾವ್ದೋ ಕೋತಿ ಇವತ್ತು ಏಳು ಹಳ್ಳ ಹಾರ್ತಂತೆ ಕಣೇ! ಮಧ್ಯಾಹ್ನದಿಂದ ನನ್ ತಲೆ ತಿಂದವ್ಳೆ.”

“ಎಡಗೈಲಿ ಒತ್ತಿರ್ತಾಳೆ ಅತ್ತೆ” ಎಂದಳು ಭಾನುಪ್ರಿಯಾ, ಚಪ್ಪಲಿ ಬಿಡುತ್ತ.

“ಇಲ್ಲ ಕಣಮ್ಮಾ!” ಒಳಗಿನಿಂದ ಧನು ಕೂಗಿದಳು. “ಅಜ್ಜಿ ನೋಡವ್ರೆ!”

ಕೈಕಾಲು ತೊಳೆದುಕೊಂಡು ಬಂದು ಕೂತಳು. ಆಸೆ ಪಡಬೇಕೆಂದು ಅನ್ನಿಸಲಿಲ್ಲ. ಅಭ್ಯಾಸದಿಂದ ಕೆನ್ನೆ ಒಡ್ಡಿದಳು.

“ಒತ್ತಮ್ಮಾ.”

ಧನು ಒತ್ತಿದಳು. ಮೆತ್ತಗಿನ ಬೆರಳು ಕೆನ್ನೆಗೆ ತಾಗಿತು. ಅದರ ಹಿಂದೆಯೇ ಇನ್ನೊಂದೇನೋ ತೆಳ್ಳಗೆ, ಚೂಪಾಗಿ ಕೊರೆಯಿತು. ಭಾನುಪ್ರಿಯಾ ಅಲುಗಾಡಲಿಲ್ಲ.

“ಇನ್ನೊಂದ್ಸಲ.”

ಮತ್ತೆ ಕೊರೆಯಿತು. ಉಗುರು. ತುದಿ ಬಗ್ಗದೆ ಉಗುರು ತಾಗುವುದಿಲ್ಲ.

“ನೋವಾಯ್ತಾ ಅಮ್ಮಾ?”

“ಹೂಂ” ಎಂದಳು ಭಾನುಪ್ರಿಯಾ. “ಇನ್ನೊಂದ್ಸಲ ಒತ್ತು.”